ನನ್ನ ತಪ್ಪನ್ನು ಹೊತ್ತುಕೊಂಡ ರಿಪೇರಿ ಸಾಬ್ರು

ಕಳೆದ ತಿಂಗಳು ಮನೆಗೆ ಬಣ್ಣ ಹೊಡೆಸುವಾಗ ಬೀರುವಿನ ಮೇಲಿದ್ದ ಟ್ರಂಕನ್ನು ಕೆಳಗಿಳಿಸಿದೆ. ಹಳೇ ಟವೆಲಿನಲ್ಲಿ ಸುತ್ತಿದ್ದ ಕ್ಯಾಮೆರಾ ಸಿಕ್ಕಿತು. ಲೆನ್ಸ್ ಬಿಚ್ಚಿ ಒಳಗೆ ಬೆರಳಿಟ್ಟರೆ ಕಪ್ಪಗೆ ಅಂಟಿಕೊಂಡಿತು. ಒಳಗಿನ ಕನ್ನಡಿ ಮೇಲಕ್ಕೆ ಹಾರಿದಾಗ ಬಡಿಯದಿರಲಿ ಎಂದು ಹಾಕಿರುವ ತೆಳುವಾದ ಸ್ಪಂಜು, ವರ್ಷಗಳು ಕಳೆದರೆ ಕರಗಿ ಡಾಂಬರಿನಂತಾಗಿಬಿಡುತ್ತದೆ. ಒರೆಸೋಣ ಎಂದು ಹತ್ತಿಯ ಮೇಲೆ ನಾಲ್ಕು ಹನಿ ಸ್ಪಿರಿಟ್ ಹಾಕಿದೆ. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ದೊಡ್ಡಬಳ್ಳಾಪುರದ ನಮ್ಮ ಸ್ಟುಡಿಯೋ ಹಿಂದಿನ ಆ ಓಣಿ, ಎರಡೂ ಕಡೆ ಮಗ್ಗಗಳ ಸದ್ದು, ಅದರ ನಡುವೆ ಹಸಿರು ಬಾಗಿಲಿನ ಒಂದು ಮನೆ, ಅದರ ಮುಂದಿನ ಕೋಣೆಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂತ ಮನುಷ್ಯ... ಎಲ್ಲ ಒಟ್ಟಿಗೇ ಬಂದವು.

ಊರಿಗೆಲ್ಲ ಅವರು ರಿಪೇರಿ ಸಾಬ್ರು. ನನಗೆ ಕೊನೆಕೊನೆಗೆ ಚಾಚಾ.

ಇಪ್ಪತ್ತೈದು ವರ್ಷಕ್ಕೂ ಹಿಂದಿನ ಮಾತು. ನಮ್ಮ ಯಜಮಾನರದು ಬಸ್ ಸ್ಟ್ಯಾಂಡ್ ಹತ್ತಿರ ಒಂದು ಸಣ್ಣ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ನಾಮಕರಣ, ಮದುವೆ. ಬೆಂಗಳೂರಿನಲ್ಲಿ ಪತ್ರಿಕೆಯೊಂದರ ಫೋಟೋಗ್ರಾಫರ್ ನಿವೃತ್ತರಾದಾಗ, ಅವರ ಜಪಾನ್ ಕ್ಯಾಮೆರಾವನ್ನು, ಈಗ ಟ್ರಂಕಿನಲ್ಲಿ ಸಿಕ್ಕಿದ್ದನ್ನೇ, ಇವರು ಕೊಂಡು ತಂದಿದ್ದರು. ಕರೀ ಬಣ್ಣ ಅಂಚುಗಳಲ್ಲೆಲ್ಲ ಹೋಗಿ ಹಿತ್ತಾಳೆ ಕಾಣುತ್ತಿತ್ತು. ಎರಡು ಕೈಯಲ್ಲಿ ಹಿಡಿದರೂ ಭಾರ. ತಂದು ಒಂದು ವರ್ಷ ಆಗಿರಲಿಲ್ಲ, ದೊಡ್ಡಬೆಳವಂಗಲದಿಂದ ಒಂದು ಗೃಹಪ್ರವೇಶ ಮುಗಿಸಿಕೊಂಡು ಬರುವಾಗ ಇವರು ಸ್ಕೂಟರಿನಿಂದ ಬಿದ್ದರು. ಕ್ಯಾಮೆರಾ ಕೊರಳಲ್ಲೇ ಇತ್ತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಡಾಕ್ಟರು ಪ್ಲೇಟ್ ಹಾಕಿ, ಭಾರ ಎತ್ತುವುದನ್ನು ಮರೆತುಬಿಡಿ ಎಂದರು. ಮುಂದಿನ ತಿಂಗಳಿಗೆ ನಾಲ್ಕು ಮದುವೆ ಒಪ್ಪಿಕೊಂಡಾಗಿತ್ತು.

ನನಗೆ ಡಾರ್ಕ್‌ರೂಮ್ ಕೆಲಸ ಗೊತ್ತಿತ್ತು, ಕ್ಯಾಮೆರಾ ಗೊತ್ತಿರಲಿಲ್ಲ. ಆದರೂ "ನಾನೇ ಹೋಗ್ತೀನಿ" ಎಂದುಬಿಟ್ಟೆ. ಇವರು ಬೇಡ ಎನ್ನಲಿಲ್ಲ. ಬೇಡ ಎನ್ನುವ ಸ್ಥಿತಿಯಲ್ಲಿ ಇಬ್ಬರೂ ಇರಲಿಲ್ಲ. ಕೆಳಗೆ ಬಿದ್ದ ಕ್ಯಾಮೆರಾ ನೆಟ್ಟಗಿದೆಯೇ ಎಂದು ತೋರಿಸಲು ಹಸಿರು ಬಾಗಿಲು ತಟ್ಟಿದ್ದು ಹಾಗೆ.

ಸಾಬ್ರು ಆಗಲೇ ಅರವತ್ತೈದು ದಾಟಿದ್ದರು. ಬೆಂಗಳೂರಿನ ರಿಪೇರಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ದುಡಿದು, ಕಣ್ಣು ಸ್ವಲ್ಪ ಮಂಜಾದ ಮೇಲೆ ಊರಿಗೆ ಬಂದು ಮನೆಯಲ್ಲೇ ಕೂತಿದ್ದರು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸ್ಟುಡಿಯೋದವರೆಲ್ಲ ಕೆಟ್ಟ ಕ್ಯಾಮೆರಾಗಳನ್ನು ಅವರಿಗೇ ಕಳಿಸುತ್ತಿದ್ದರು. ಗೋಡೆಯ ಮೇಲಿನ ಹಲಗೆಯಲ್ಲಿ, ಚೀಟಿ ಕಟ್ಟಿಸಿಕೊಂಡ ಕ್ಯಾಮೆರಾಗಳು ಸಾಲಾಗಿ ಕಾಯುತ್ತಿದ್ದವು. ಮೇಜಿನ ಮೇಲೆ ಮೊಟ್ಟೆ ತರುವ ರಟ್ಟಿನ ಟ್ರೇ. ಬಿಚ್ಚಿದ ಮೊದಲ ಸ್ಕ್ರೂ ಮೊದಲ ಗುಳಿಗೆ, ಎರಡನೆಯದು ಎರಡನೆಯದಕ್ಕೆ... ಮತ್ತೆ ಜೋಡಿಸುವಾಗ ಕೊನೆಯ ಗುಳಿಯಿಂದ ಹಿಂದಕ್ಕೆ.

ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು, ಕಿವಿಗೆ ಇಟ್ಟುಕೊಂಡು ಕ್ಲಿಕ್ ಮಾಡಿದರು. ಮತ್ತೆ ವೇಗ ಬದಲಿಸಿ ಕ್ಲಿಕ್. ಹತ್ತು ಹನ್ನೆರಡು ಸಲ.

"ಯಜಮಾನ್ರ ಕೈ ಮುರೀತು, ಇದಕ್ಕೇನೂ ಆಗಿಲ್ಲಮ್ಮ" ಎಂದರು. "ಮೇಲಿನ ಟೋಪಿ ಸ್ವಲ್ಪ ಸೊಟ್ಟ ಆಗಿದೆ, ಅಷ್ಟೇ."

ಟೋಪಿ ಎಂದರೆ ಕ್ಯಾಮೆರಾದ ನೆತ್ತಿಯ ಮೇಲೆ ಗೋಪುರದಂತೆ ಇರುವ ಭಾಗ. ಒಳಗೆ ಗಾಜಿನ ಪ್ರಿಸಮ್ ಇರುತ್ತದೆ. ಒಂದು ಗುಂಡಿ ಒತ್ತಿ ಅದನ್ನು ಪೂರ್ತಿ ಎತ್ತಿ ಮೇಜಿನ ಮೇಲಿಟ್ಟರು. ಮುರಿದೇ ಹೋಯಿತೆಂದುಕೊಂಡೆ. ಸಾಬ್ರು ನಕ್ಕರು. ನೆಲಕ್ಕೆ ಹತ್ತಿರ ಇಟ್ಟು ತೆಗೆಯಬೇಕಾದರೆ ಟೋಪಿ ತೆಗೆದು ಮೇಲಿನಿಂದ ಬಗ್ಗಿ ನೋಡಬಹುದು, ಬೇರೆ ಕೆಲಸಕ್ಕೆ ಬೇರೆ ಟೋಪಿ ಹಾಕಬಹುದು, ಅದಕ್ಕೆಂದೇ ಹಾಗೆ ಮಾಡಿದ್ದಾರೆ ಎಂದು ತೋರಿಸಿದರು.

ಅವತ್ತು ಅವರು ಹೇಳಿದ್ದನ್ನು ನಾನು ಮುಂದೆ ಎಷ್ಟು ಜನರಿಗೆ ಹೇಳಿದ್ದೇನೋ. ಮುಂಚಿನ ಪತ್ರಿಕೆಯವರ ಕ್ಯಾಮೆರಾಗಳಲ್ಲಿ ಕಣ್ಣು ನೋಡುವ ಕಿಟಕಿಯೇ ಬೇರೆ, ಫಿಲ್ಮ್ ನೋಡುವ ಲೆನ್ಸೇ ಬೇರೆ. ಹತ್ತಿರದ ಮುಖ ತೆಗೆದರೆ ಹಣೆ ಕತ್ತರಿಸಿ ಹೋಗುತ್ತಿತ್ತು. ಜಪಾನಿನವರು ಆ ಹಳೇ ಕ್ಯಾಮೆರಾದ ಮೈಯನ್ನೇ ಇಟ್ಟುಕೊಂಡು ನಡುವೆ ಸೀಳಿದಂತೆ ಮಾಡಿ, ಅಲ್ಲಿ ಒಂದು ಕನ್ನಡಿ, ಅದರ ಮೇಲೆ ಪ್ರಿಸಮ್ ಕೂರಿಸಿದರು. ಲೆನ್ಸಿನಿಂದ ಬಂದ ಬೆಳಕು ಕನ್ನಡಿಗೆ ಬಡಿದು, ಪ್ರಿಸಮ್ಮಿನಲ್ಲಿ ತಿರುಗಿ, ಕಣ್ಣಿಗೆ ಬರುತ್ತದೆ. ಕ್ಲಿಕ್ ಎಂದಾಗ ಕನ್ನಡಿ ಮೇಲಕ್ಕೆ ಹಾರಿ ದಾರಿ ಬಿಡುತ್ತದೆ. ಹೀಗೆ ಕನ್ನಡಿ ಇರುವ ಕ್ಯಾಮೆರಾಗಳು ಮುಂಚೆಯೂ ಇದ್ದವಂತೆ. ಆದರೆ ಬಿಸಿಲು ಮಳೆ ಧೂಳು ಯಾವುದಕ್ಕೂ ಜಗ್ಗದೆ, ದಿನಾ ದುಡಿಯುವವರ ಕೈಯಲ್ಲಿ ಬಾಳುವ ಹಾಗೆ ಎಲ್ಲವನ್ನೂ ಒಂದೇ ಮೈಯಲ್ಲಿ ಕೂಡಿಸಿದ್ದು ಇದು. ಫಿಲ್ಮಿಗೆ ಬೆಳಕು ತಾಗದಂತೆ ಮುಚ್ಚಿ ತೆರೆಯುವ ಒಳಗಿನ ಪರದೆ ಬಟ್ಟೆಯದಲ್ಲ, ಟೈಟಾನಿಯಂ ಎಂಬ ಲೋಹದ ತೆಳು ಹಾಳೆ. ಬ್ಯಾಟರಿ ಬೇಡ, ಬರೀ ಹಲ್ಲುಚಕ್ರ ಮತ್ತು ಸ್ಪ್ರಿಂಗು. ಯುದ್ಧಕ್ಕೆ ಹೋದವರೂ ಇದನ್ನೇ ಹೊತ್ತುಕೊಂಡು ಹೋದರು.

"ಕಿಟಕಿಯಲ್ಲಿ ಎಷ್ಟು ಕಾಣತ್ತೋ ಅಷ್ಟೇ ಫಿಲ್ಮ್ ಮೇಲೆ ಬೀಳತ್ತೆ. ಒಂದು ಕೂದಲೂ ಹೆಚ್ಚಿಲ್ಲ, ಕಮ್ಮಿ ಇಲ್ಲ" ಎಂದರು ಸಾಬ್ರು. "ಅದಕ್ಕೇ ನಾನು ಇದನ್ನ ನಂಬ್ತೀನಿ."

ಆಮೇಲೆ ಅದರ ಒಂದು ಕೊರತೆಯನ್ನೂ ಹೇಳಿದರು. ಬೇರೆ ಕ್ಯಾಮೆರಾಗಳ ಬೆನ್ನು ಬಾಗಿಲಿನಂತೆ ತೆರೆಯುತ್ತದೆ. ಇದರದು ಹಳೇ ಕಾಲದ ಪದ್ಧತಿ. ಅಡಿಯಲ್ಲಿರುವ ಕೀ ತಿರುಗಿಸಿದರೆ ಬೆನ್ನು, ತಳ ಎರಡೂ ಸೇರಿ ಪೂರ್ತಿ ಕಳಚಿ ಕೈಗೆ ಬರುತ್ತದೆ. ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ರೋಲು, ಕಳಚಿದ ಬೆನ್ನನ್ನು ಎಲ್ಲಿಡುವುದು? ಪತ್ರಿಕೆಯವರು ಬಾಯಲ್ಲಿ ಕಚ್ಚಿಕೊಳ್ಳುತ್ತಿದ್ದರಂತೆ. "ನೀನು ಕಂಕುಳಲ್ಲಿ ಇಟ್ಕೋ ಬೇಟಿ. ಹಾಕಿದ ಮೇಲೆ ಲಿವರ್ ಎಳಿ. ಎಳೆಯೋವಾಗ ಎಡಗಡೆ ಈ ಗುಂಡಿ ನೋಡು. ಅದು ತಿರುಗಿದ್ರೆ ಫಿಲ್ಮ್ ನಡೀತಿದೆ. ತಿರುಗ್ಲಿಲ್ಲ ಅಂದ್ರೆ ನೀನು ಬರೀ ಗಾಳೀಲಿ ಫೋಟೋ ತೆಗೀತಿದೀಯ ಅಂತ."

ಹದಿನೈದು ದಿನ ಬೆಳಿಗ್ಗೆ ಹೊತ್ತು ಅವರ ಮುಂದೆ ಕೂತು, ಹಾಳಾದ ರೋಲೊಂದನ್ನು ಹಾಕಿ ತೆಗೆದು, ಹಾಕಿ ತೆಗೆದು ಕಲಿತೆ. ಮೊದಲ ಎರಡು ಮದುವೆ ಚೆನ್ನಾಗಿಯೇ ಆದವು. ಹೆಂಗಸೊಬ್ಬಳು ಫೋಟೋ ತೆಗೆಯುತ್ತಾಳೆ ಎಂಬ ಸುದ್ದಿ ನಮ್ಮ ಪಕ್ಕದ ಮುಸ್ಲಿಂ ಮನೆಗಳಲ್ಲಿ ಬೇಗ ಹರಡಿತು. ಅವರ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಹೋಗುವಂತಿರಲಿಲ್ಲ. ಹಾಗಾಗಿ ಮದುಮಗಳ ಫೋಟೋನೇ ಇಲ್ಲದ ಆಲ್ಬಮ್ಮುಗಳು ಎಷ್ಟೋ. ಸಾಬ್ರು ತಮ್ಮ ಪರಿಚಯದ ಒಂದು ಮನೆಗೆ ನನ್ನ ಹೆಸರು ಹೇಳಿದರು. ಬಟ್ಟೆ ವ್ಯಾಪಾರದ ಮನೆ. ಮೊದಲ ಮಗಳ ಮದುವೆ. ಹುಡುಗನ ಕಡೆಯವರು ಹೊಸಕೋಟೆಯವರು.

ಶಾದಿ ಮಹಲ್ಲಿನ ಹೆಂಗಸರ ಹಾಲ್ ತುಂಬಿ ತುಳುಕುತ್ತಿತ್ತು. ಮೊದಲ ರೋಲು ಮುಗಿಯಿತು. ಹುಡುಗ ಹುಡುಗಿ ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಶಾಸ್ತ್ರಕ್ಕೆ ಎಲ್ಲರೂ ಸುತ್ತುಗಟ್ಟಿದ್ದರು. ಬೆನ್ನು ಕಳಚಿ ಕಂಕುಳಲ್ಲಿಟ್ಟೆ. ಯಾರೋ ತಳ್ಳಿದರು. ಬೆನ್ನು ಜಾರಿ ನೆಲಕ್ಕೆ ಬಿತ್ತು, ಜನರ ಕಾಲುಗಳ ನಡುವೆ. "ಬೇಗ ಬಾಮ್ಮಾ, ಶುರುವಾಯ್ತು" ಎಂದು ಯಾರೋ ಕರೆದರು. ತಡಕಾಡಿ ಎತ್ತಿಕೊಂಡು, ಫಿಲ್ಮಿನ ತುದಿಯನ್ನು ಹೇಗೋ ಸಿಕ್ಕಿಸಿ, ಬೆನ್ನು ಮುಚ್ಚಿ ಓಡಿದೆ. ಎಡಗಡೆ ಗುಂಡಿ ನೋಡಲಿಲ್ಲ.

ಶಾಸ್ತ್ರ ತೆಗೆದೆ. ಊಟ ತೆಗೆದೆ. ಸಂಜೆ ಹುಡುಗಿಯನ್ನು ಕಳಿಸಿಕೊಡುವಾಗ ಅವಳು ಅಜ್ಜಿಯ ಕೊರಳಿಗೆ ಬಿದ್ದು ಅತ್ತದ್ದನ್ನು ತೆಗೆದೆ. ಮೇಲಿನ ಅಂಕಿ ಮೂವತ್ತಾರಕ್ಕೆ ಬಂತು. ರೋಲು ಮುಗಿದು ಲಿವರ್ ಬಿಗಿಯಾಗಿ ನಿಲ್ಲಬೇಕಿತ್ತು. ಎಳೆದೆ, ಬಂತು. ಇನ್ನೊಂದು ಸಲ ಎಳೆದೆ, ಬಂತು... ಮತ್ತೂ ಬಂತು. ಆಗ ಎಡಗಡೆ ನೋಡಿದೆ. ಗುಂಡಿ ಅಲ್ಲಾಡದೆ ನಿಂತಿತ್ತು. ಕಾರು ಆಗಲೇ ಗೇಟು ದಾಟಿತ್ತು.

ಅಲ್ಲಿ ನಾನು ಯಾರಿಗೂ ಹೇಳಲಿಲ್ಲ. ನೇರ ಸಾಬ್ರ ಮನೆಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅವರು ಕ್ಯಾಮೆರಾ ತೆಗೆದುಕೊಂಡು ಒಳಗೆ ಹೋಗಿ, ಕತ್ತಲೆ ಮಾಡಿ ಬಿಚ್ಚಿ ನೋಡಿ ಬಂದರು. ಫಿಲ್ಮಿನ ತುದಿ ಸುರುಳಿಗೆ ಕಚ್ಚಿಕೊಂಡೇ ಇರಲಿಲ್ಲ. ಒಂದು ಮಾತೂ ಬಯ್ಯಲಿಲ್ಲ. ಅವರ ಹೆಂಡತಿ, ನಾನು ಚಾಚಿ ಎನ್ನುತ್ತಿದ್ದವರು, ಚಹಾ ತಂದಿಟ್ಟರು.

ಮರುದಿನ ಬೆಳಿಗ್ಗೆ ಸಾಬ್ರು ನನ್ನ ಜೊತೆ ಆ ಮನೆಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಹುಡುಗಿಯ ತಾಯಿಗೆ ಹೇಳಿದರು: "ಬೀಬಿ, ಒಂದು ರೋಲು ಹೋಯ್ತು. ಕ್ಯಾಮೆರಾ ಬಿದ್ದಿತ್ತು, ನಾನೇ ರಿಪೇರಿ ಮಾಡಿದ್ದು. ಒಳಗೆ ಹಲ್ಲು ಸರಿ ಕೂರಿಸಿರಲಿಲ್ಲ. ತಪ್ಪು ನಂದು, ಈ ಹುಡುಗೀದಲ್ಲ."

ಆ ತಾಯಿ ಗೋಡೆಗೆ ಒರಗಿ ಕೂತುಬಿಟ್ಟರು. "ವಯಸ್ಸಾಯ್ತಲ್ಲಾ ನಿಮಗೂ..." ಎಂದಷ್ಟೇ ಅಂದರು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಆ ಮೌನ ಇವತ್ತಿಗೂ ನನಗೆ ಚುಚ್ಚುತ್ತದೆ.

ದಾರಿಯಲ್ಲಿ ಕೇಳಿದೆ, ಯಾಕೆ ಹಾಗೆ ಹೇಳಿದ್ರಿ ಎಂದು.

"ಮಿಷಿನ್ ಕೆಟ್ಟಿತ್ತು ಅಂದ್ರೆ ಜನ ಬಿಟ್ಬಿಡ್ತಾರೆ. ಹೆಂಗಸು ಕೆಡಿಸಿದ್ಲು ಅಂದ್ರೆ ಬಿಡಲ್ಲ. ಹೆಂಗಸಿನ ಕೈಗೆ ಕ್ಯಾಮೆರಾ ಕೊಟ್ರೆ ಹಿಂಗೇ ಅಂತಾರೆ. ಆಮೇಲೆ ಈ ಊರಲ್ಲಿ ಒಂದು ಮನೆಯವರೂ ನಿನ್ನ ಕರೆಯಲ್ಲ" ಎಂದರು. ಮಗ್ಗದ ಸದ್ದಿಗೆ ಸ್ವಲ್ಪ ಜೋರಾಗಿಯೇ ಹೇಳಿದರು.

ಮದುವೆಯಾದ ಮೇಲಿನ ಮೊದಲ ಶುಕ್ರವಾರ ಮಗಳು ಅಳಿಯ ತವರಿಗೆ ಊಟಕ್ಕೆ ಬರುವ ಪದ್ಧತಿ ಅವರಲ್ಲಿ ಉಂಟು, ಜುಮಾಗಿ ಎನ್ನುತ್ತಾರೆ. ಅವತ್ತು ಹುಡುಗಿಗೆ ಮತ್ತೆ ಮದುವೆಯ ಬಟ್ಟೆ ಉಡಿಸಿ ಎಲ್ಲವನ್ನೂ ಇನ್ನೊಮ್ಮೆ ತೆಗೆದೆ. ಕನ್ನಡಿ ಇಟ್ಟರು, ಇಬ್ಬರೂ ನೋಡಿದರು. ಬಾಗಿಲಲ್ಲಿ ಕಳಿಸಿಕೊಡುವ ಫೋಟೋಕ್ಕೆ ಮಾತ್ರ ಎಷ್ಟು ಪ್ರಯತ್ನಪಟ್ಟರೂ ಯಾರಿಗೂ ಅಳು ಬರಲಿಲ್ಲ. ಅಜ್ಜಿಗೆ ನಗು ತಡೆಯಲಾಗಲಿಲ್ಲ, ಅವರನ್ನು ನೋಡಿ ಮಗಳು, ಮಗಳನ್ನು ನೋಡಿ ತಾಯಿ. ಕಳಿಸಿಕೊಡುವ ಹೊತ್ತಿನಲ್ಲಿ ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿರುವ ಆಲ್ಬಮ್ ನನಗೆ ಗೊತ್ತಿರುವ ಹಾಗೆ ಅದೊಂದೇ. ಪ್ರತಿ ಲಿವರಿಗೂ ಎಡಗಡೆ ಗುಂಡಿ ನೋಡುತ್ತಲೇ ತೆಗೆದೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನನಗೆ ಮದುವೆಗಳು ಬರತೊಡಗಿದವು. ಎರಡು ತಿಂಗಳು ಕಳೆದು ಒಂದು ದಿನ ಲೆನ್ಸ್ ಒರೆಸಿಕೊಳ್ಳಲು ಹೋದಾಗ ಸಾಬ್ರ ಮನೆಯ ಹಲಗೆ ಖಾಲಿ ಕಂಡಿತು. ಎರಡೇ ಎರಡು ಕ್ಯಾಮೆರಾ. ಸಾಬ್ರು ನಮಾಜಿಗೆ ಹೋಗಿದ್ದರು. ಚಾಚಿ ನನ್ನ ಮುಖ ನೋಡದೆ ಹೇಳಿದರು: "ಇವರ ಕೈ ನಡುಗ್ತದಂತೆ. ದೇವನಹಳ್ಳಿಯವ್ನು ಬಂದು ತನ್ನ ಕ್ಯಾಮೆರಾ ಎಲ್ಲಾ ವಾಪಸ್ ತಗೊಂಡ್ ಹೋದ. ನಲವತ್ತು ವರ್ಷದಿಂದ ಈ ಕೈ ನೋಡ್ತಿದೀನಿ ನಾನು. ಎಲ್ಲಿ ನಡುಗ್ತದೆ?"

ತಪ್ಪು ನನ್ನದೆಂದು ಚಾಚಿಗೂ ಹೇಳಿರಲಿಲ್ಲ ಸಾಬ್ರು.

ಆವತ್ತು ಮಧ್ಯಾಹ್ನವೇ ಹುಡುಗಿಯ ತಾಯಿಯ ಮುಂದೆ ಹೋಗಿ ನಿಂತೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ಎಲ್ಲ ಹೇಳಿದೆ. ಬೆನ್ನು ಬಿದ್ದದ್ದು, ಗುಂಡಿ ನೋಡದ್ದು, ಅವರ ಮುಂದೆ ಸುಮ್ಮನೆ ನಿಂತದ್ದು. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ಫೋಟೋ ಹೋಗಿದ್ದಕ್ಕೆ ನಂಗೆ ಅಷ್ಟು ಸಿಟ್ಟಿಲ್ಲ" ಎಂದರು ಕೊನೆಗೆ. "ಆ ಮುದುಕ್ರಿಗೆ ನಾನು ವಯಸ್ಸಾಯ್ತು ಅಂದೆ. ಮನೆಮನೇಲಿ ಅದನ್ನೇ ಹೇಳ್ಕೊಂಡು ಬಂದೆ. ನೀನು ಕೇಳಿಸ್ಕೊಂಡು ನಿಂತಿದ್ಯಲ್ಲಾ, ಅದಕ್ಕೆ ಸಿಟ್ಟು." ಮೊರ ಪಕ್ಕಕ್ಕಿಟ್ಟು ಎದ್ದರು. "ಈಗ ನಾನೇ ಹೇಳ್ತೀನಿ ಎಲ್ರಿಗೂ. ನೀನು ಹೇಳಿದ್ರೆ ಯಾರೂ ನಂಬಲ್ಲ, ಅವರನ್ನ ಉಳಿಸೋಕೆ ಹೇಳ್ತಿದಾಳೆ ಅಂತಾರೆ."

ಹೇಳಿದರು. ಯಾವ ಮನೆಗಳಿಗೆ ಮುಂಚೆ ಹೇಳಿದ್ದರೋ ಆ ಮನೆಗಳಿಗೆಲ್ಲ ಹೋಗಿ ಹೇಳಿದರು. ಒಂದೆರಡು ಮದುವೆ ನನ್ನ ಕೈ ತಪ್ಪಿದವು, ನಿಜ. ಆದರೆ ಮರುವರ್ಷ ಅವರ ಎರಡನೇ ಮಗಳ ಮದುವೆಗೆ ಅವರೇ ಹೇಳಿಕಳಿಸಿದರು, ರೋಲು ಸರಿಯಾಗಿ ಹಾಕಿಕೊಂಡು ಬಾ ಎಂದು.

ಸಾಬ್ರ ಹಲಗೆ ನಿಧಾನವಾಗಿ ತುಂಬಿತು. ಸಾಬ್ರು ಮಾತ್ರ ನನ್ನ ಮೇಲೆ ಮುನಿಸಿಕೊಂಡರು. ಹದಿನೈದು ದಿನ ಮಾತಿಲ್ಲ. ಓಣಿಯಲ್ಲಿ ಎದುರಾದರೆ ಆಕಡೆ ತಿರುಗಿಕೊಂಡು ಹೋಗುತ್ತಿದ್ದರು. ತಡೆಯಲಾರದೆ ಒಂದು ದಿನ ಬಾಗಿಲಲ್ಲಿ ನಿಂತು, "ಚಾಚಾ, ನಾನು ಮಾಡಿದ್ದು ತಪ್ಪಾ?" ಎಂದು ಕೇಳಿದೆ. ಚಾಚಾ ಎಂದದ್ದು ಅದೇ ಮೊದಲು.

ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. "ನಾನು ಏನೋ ಕೊಟ್ಟೆ ನಿನಗೆ. ನೀನು ಅದನ್ನ ವಾಪಸ್ ತಂದು ನನ್ನ ಬಾಗ್ಲಲ್ಲಿ ಇಟ್ಟು ಹೋದೆ" ಎಂದರು. ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಒಳಗಿನಿಂದ ಚಾಚಿ ಅವರ ಭಾಷೆಯಲ್ಲಿ ಏನೋ ಗಟ್ಟಿಯಾಗಿ ಅಂದರು. ಏನೆಂದು ನನಗೆ ಪೂರ್ತಿ ತಿಳಿಯಲಿಲ್ಲ, ಆದರೆ ಸಾಬ್ರ ಮುಖ ಸಡಿಲವಾಯಿತು. ಮೊಟ್ಟೆ ಟ್ರೇಯನ್ನು ನನ್ನ ಕಡೆ ತಳ್ಳಿದರು.

"ಕೂತ್ಕೋ. ಇವತ್ತು ಬಿಚ್ಚೋದು ಕಲಿ. ಇನ್ಮೇಲೆ ನಿನ್ನ ಮಿಷಿನ್ ನೀನೇ ನೋಡ್ಕೋ, ನನ್ನ ಹೆಸರು ಹೇಳೋಕೆ ಆಗ್ಬಾರ್ದು."

ಹೀಗೆ ನಾನು ಆ ಕ್ಯಾಮೆರಾದ ಒಳಗನ್ನು ಕಂಡೆ. ಲೋಹದ ಪರದೆಯ ಮೇಲೆ ಸಣ್ಣ ಸಣ್ಣ ಉಬ್ಬುಗಳಿದ್ದವು, ಮಡಚಿಕೊಳ್ಳದಿರಲೆಂದು. ಮೊದಲ ಪರದೆ ಓಡಿ ಬೆಳಕು ಬಿಡುತ್ತದೆ, ಎರಡನೆಯದು ಅದರ ಹಿಂದೆಯೇ ಓಡಿ ಮುಚ್ಚುತ್ತದೆ. ನಡುವಿನ ಸಂದು ಎಷ್ಟು ಕಿರಿದಾದರೆ ಅಷ್ಟು ವೇಗ. ಕ್ಲಿಕ್ ಮಾಡುವ ಗುಂಡಿ ಮುಂದಕ್ಕೆ ಇರದೆ ಸ್ವಲ್ಪ ಹಿಂದಕ್ಕೆ ಯಾಕಿದೆ ಎಂದು ಕೇಳಿದೆ, ಬೆರಳು ಮಡಚಿ ಒತ್ತಬೇಕಾಗುತ್ತಿತ್ತು. ಹಳೇ ಕ್ಯಾಮೆರಾದ ಮೈಯನ್ನೇ ಇಟ್ಟುಕೊಂಡರಲ್ಲ, ಆ ಗುಂಡಿಯೂ ಇದ್ದ ಜಾಗದಲ್ಲೇ ಉಳಿಯಿತು ಎಂದರು. ಹೊಸದು ಮಾಡುವವರಿಗೂ ಎಲ್ಲವನ್ನೂ ಹೊಸದು ಮಾಡಲಾಗದು ಎಂಬ ಆ ವಿಷಯ ಅವರಿಗೆ ಬಹಳ ಇಷ್ಟ. ಮತ್ತೆ ಮತ್ತೆ ಹೇಳುತ್ತಿದ್ದರು.

ಆ ಕ್ಯಾಮೆರಾದಲ್ಲಿ ನಾನು ಏಳೆಂಟು ವರ್ಷ ದುಡಿದೆ. ಕುಂದಾಣದಿಂದ ನೆಲಮಂಗಲದವರೆಗೆ ಎಷ್ಟು ಮನೆಗಳ ಹೆಂಗಸರ ಕೋಣೆಯೊಳಗೆ ಕಾಲಿಟ್ಟಿದ್ದೇನೋ ಲೆಕ್ಕವಿಲ್ಲ. ಯಜಮಾನರು ಸ್ಟುಡಿಯೋ ನೋಡಿಕೊಂಡರು, ನಾನು ಹೊರಗಿನ ಕೆಲಸ. ಆಮೇಲೆ ಡಿಜಿಟಲ್ ಬಂತು. ಫಿಲ್ಮ್ ಸಿಗುವುದು ಕಷ್ಟವಾಯಿತು. ಹೊಸ ಕ್ಯಾಮೆರಾ ಕೊಂಡ ದಿನ ಮೊದಲು ಚಾಚಾಗೇ ತೋರಿಸಿದೆ. ಹಿಂದು ಮುಂದು ತಿರುಗಿಸಿ, ಕಿವಿಗೆ ಇಟ್ಟುಕೊಂಡು ಕ್ಲಿಕ್ ಮಾಡಿ, "ಚೆನ್ನಾಗಿದೆ. ಇದರಲ್ಲೂ ಕನ್ನಡಿ ಇಟ್ಟಿದಾರೆ ನೋಡು" ಎಂದು ಸಂತೋಷಪಟ್ಟರು. ಅವರ ಹಲಗೆ ಈ ಸಲ ಖಾಲಿಯಾದದ್ದು ಯಾರ ತಪ್ಪಿನಿಂದಲೂ ಅಲ್ಲ.

ಅದಾಗಿ ಎಷ್ಟೋ ವರ್ಷಗಳ ಮೇಲೆ ಅವರು ತೀರಿಕೊಂಡಾಗ ನಾನು ಸೋಂಪುರದ ಕಡೆ ಒಂದು ಮದುವೆಯಲ್ಲಿದ್ದೆ. ಮರುದಿನ ಊರಿಗೆ ಬಂದಾಗ ಎಲ್ಲ ಮುಗಿದಿತ್ತು. ನನ್ನ ನಂಬರು ಅವರ ಮನೆಯಲ್ಲಿತ್ತು, ಆದರೂ ಯಾರೂ ಫೋನ್ ಮಾಡಲಿಲ್ಲ. ಎಷ್ಟಾದರೂ ಹೊರಗಿನವಳು ತಾನೇ ಎಂದು ಒಳಗೊಳಗೇ ನೊಂದುಕೊಂಡಿದ್ದೆ. ಬಾಯಿಬಿಟ್ಟು ಕೇಳಲಿಲ್ಲ. ಚಾಚಿಯನ್ನು ಹಬ್ಬಕ್ಕೊಮ್ಮೆ ನೋಡಿಕೊಂಡು ಬರುತ್ತಿದ್ದೆ, ಅಷ್ಟೇ.

ಹೋದ ವಾರ ಅವರ ಮನೆಗೆ ಹೋದೆ. ಮುಂದಿನ ಕೋಣೆಯನ್ನು ಈಗ ಮೊಬೈಲ್ ಕವರ್ ಮಾರುವವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಚಾಚಿಗೆ ಎಂಬತ್ತಾಗಿರಬೇಕು, ಕಿವಿ ಸ್ವಲ್ಪ ಮಂದ. ಅದೂ ಇದೂ ಮಾತಾಡುತ್ತ, ಇಷ್ಟು ವರ್ಷ ಕೇಳದ್ದನ್ನು ಕೇಳಿಯೇಬಿಟ್ಟೆ, ಅವತ್ತು ನನಗೆ ಯಾಕೆ ತಿಳಿಸಲಿಲ್ಲ ಎಂದು.

ಚಾಚಿ ಆಶ್ಚರ್ಯದಿಂದ ನೋಡಿದರು. "ಅವರೇ ಬೇಡ ಅಂದ್ರಮ್ಮ. ಬೆಳಿಗ್ಗೆಯಿಂದ ಉಸಿರು ಸಿಕ್ತಿರ್ಲಿಲ್ಲ. ನಿಂಗೆ ಮಾಡೋಣ ಅಂತ ಫೋನ್ ಕೈಗೆ ತಗೊಂಡೆ. ಅವಳು ಮದುವೇಲಿ ಇದಾಳೆ, ರೋಲು ಅರ್ಧ ಆಗಿರತ್ತೆ, ಕರೀಬೇಡ ಅಂದ್ರು."

ನಾನು ರೋಲು ಹಾಕುವುದು ಬಿಟ್ಟು ಆಗಲೇ ಎಷ್ಟೋ ವರ್ಷವಾಗಿತ್ತು. ಅವರಿಗೂ ಗೊತ್ತಿತ್ತು...

ಚಾಚಿ ನನ್ನ ಕೈ ಹಿಡಿದುಕೊಂಡರು. ಆಮೇಲೆ, "ಆ ಮದುವೆ ಫೋಟೋ ಚೆನ್ನಾಗಿ ಬಂದ್ವಾ?" ಎಂದು ಕೇಳಿದರು.

"ಬಂದ್ವು ಚಾಚಿ. ಒಂದೂ ಹೋಗ್ಲಿಲ್ಲ" ಎಂದೆ. ಅವರಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಜೋರಾಗಿ ಹೇಳಿದೆ.